ಜೋಡೆತ್ತಿನ ಐಕಾನ್

ನಾನು ತಯಾರಿಸುವ ವಸ್ತು ಹೆಬ್ಬೆರಳ ಉಗುರಿನಷ್ಟು ಇರುತ್ತದೆ. ಅದರಿಂದ ಹುಟ್ಟುವ ಸಂಗತಿಗಳು ಮಾತ್ರ ಆ ಅಳತೆಯಲ್ಲಿ ನಿಲ್ಲುವುದಿಲ್ಲ.

ಕೊಟ್ಟೂರಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಕೋಣೆ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಅಂಗಡಿಗಳಿಗೆ ಬಿಲ್ ಮಾಡುವ ಸಾಫ್ಟ್‌ವೇರ್ ಬರೆದು ಕೊಡುತ್ತೇನೆ. ಕಂಪ್ಯೂಟರ್ ಹಚ್ಚಿದ ಕೂಡಲೇ ಪರದೆಯ ಮೇಲೆ ಸಣ್ಣ ಸಣ್ಣ ಚಿತ್ರಗಳು ಕಾಣುತ್ತವಲ್ಲ, ಒತ್ತಿದರೆ ಒಳಗಿನದು ತೆರೆದುಕೊಳ್ಳುವಂಥವು, ಅವಕ್ಕೆ ಐಕಾನ್ ಎನ್ನುತ್ತಾರೆ. ಲೆಕ್ಕ ಸರಿಯಾಗಿ ಬರುತ್ತದೆಯೇ ಎಂದು ನನ್ನನ್ನು ಕೇಳಿದವರು ಕಡಿಮೆ. ನಮ್ಮ ಲೋಗೋ ಐಕಾನಿನಲ್ಲಿ ಬಂತೇ ಎಂದು ಕೇಳದವರು ಇಲ್ಲ.

ಒಗ್ಗರಣಿ ಮಂಡಕ್ಕಿ

ಹಡಗಲಿಯ ಮಲ್ಲಿಗೆ ವ್ಯಾಪಾರಿಯೊಬ್ಬರ ಲೋಗೋ ಮಲ್ಲಿಗೆ ಹೂವಿನದು. ಚೀಲದ ಮೇಲೆ, ಗಾಡಿಯ ಮೇಲೆ ಅಚ್ಚಾದಾಗ ಅದು ಹೂವೇ. ಉಗುರಿನಷ್ಟು ಮಾಡಿ ಪರದೆಗೆ ಹಾಕಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಇದು ಮಂಡಕ್ಕಿ ಐತಲ್ರಿ."

ನೋಡಿದೆ. ಹೌದು, ಮಂಡಕ್ಕಿಯೇ. ಚಿತ್ರ ಚಿಕ್ಕದಾದಾಗ ಎಸಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ವಾಪಸು ತಂದು ಎರಡು ದಿನ ಕೂತು, ಹೂವಿನ ಬುಡಕ್ಕೆ ಎರಡು ಹಸಿರು ಎಲೆ ಸೇರಿಸಿದೆ. ಹಿಂದೆ ತುಸು ಹಳದಿ ಬಣ್ಣ ಕೊಟ್ಟೆ, ಬಿಳಿ ಎದ್ದು ಕಾಣಲಿ ಎಂದು. ಮತ್ತೆ ಹಡಗಲಿಗೆ ಹೋಗಿ ತೋರಿಸಿದೆ.

ಅವರು ಬಹಳ ಹೊತ್ತು ನೋಡಿದರು. ಮನೆಯಾಕೆಯನ್ನೂ ಕರೆದು ತೋರಿಸಿದರು. ಆಕೆ ನೋಡಿ ಒಳಗೆ ಹೋದರು.

"ಸುಧಾರಿಸೈತ್ರಿ," ಎಂದರು ವ್ಯಾಪಾರಿ. "ಮೊದಲು ಬರೇ ಮಂಡಕ್ಕಿ ಇತ್ತು. ಈಗ ಅರಿಶಿಣ, ಕರಿಬೇವು ಹಾಕಿ ಒಗ್ಗರಣಿ ಕೊಟ್ಟೀರಿ."

ಅಂದಿನಿಂದ ಹೂವು, ಹಣ್ಣು, ಧಾನ್ಯದ ಲೋಗೋ ಎಂದರೆ ನನಗೆ ಅಳುಕು. ಹಾಗಾಗಿ ಹಗರಿಬೊಮ್ಮನಹಳ್ಳಿಯಿಂದ ಒಬ್ಬರು ಫೋನ್ ಮಾಡಿ, "ನಮ್ಮದು ಎತ್ತಿನ ಲೋಗೋ ಸರ, ಎರಡೇ ಎರಡು ಎತ್ತು, ಬ್ಯಾರೆ ಏನೂ ಇಲ್ಲ" ಎಂದಾಗ ನೆಮ್ಮದಿಯಾಯಿತು. ಎತ್ತಿನಲ್ಲಿ ತಪ್ಪು ಮಾಡಲು ಏನಿದೆ ಎಂದುಕೊಂಡೆ.

ಮೇವಿನ ವಿಚಾರ

ಅದು ಬೀಜ, ಗೊಬ್ಬರದ ಅಂಗಡಿ. ಅಣ್ಣ ತಮ್ಮ ಇಬ್ಬರು ನಡೆಸುತ್ತಿದ್ದರು. ಅವರ ತಾಯಿ ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿರುತ್ತಿದ್ದರು. ಕಂಪ್ಯೂಟರ್ ಮುಂದೆ ಒಬ್ಬ ವಯಸ್ಸಾದ ಗುಮಾಸ್ತ.

ಅಂಗಡಿಯ ಹೆಸರು ಬೋರ್ಡಿನ ಮೇಲೆ ಇತ್ತು. ಅದನ್ನು ಓದಿದವರು ಇದ್ದಂತಿರಲಿಲ್ಲ. ಸುತ್ತಲಿನ ಹಳ್ಳಿಯವರಿಗೆಲ್ಲ ಅದು ಜೋಡೆತ್ತಿನ ಅಂಗಡಿ. ತೀರಿಕೊಂಡ ಯಜಮಾನರು ತಮ್ಮ ಸ್ವಂತ ಎತ್ತುಗಳನ್ನು ಪೇಂಟರ್ ಮುಂದೆ ನಿಲ್ಲಿಸಿ ಬರೆಸಿದ್ದ ಚಿತ್ರ ಅದು. ಎರಡೂ ಎತ್ತುಗಳು ಹೆಗಲ ಮೇಲೆ ಒಂದು ನೊಗ ಹೊತ್ತು ರಸ್ತೆಗೆ ಮುಖ ಮಾಡಿ ನಿಂತಿದ್ದವು. ಒಂದರ ಹಣೆಯಲ್ಲಿ ಕರಿ ಮಚ್ಚೆ, ಇನ್ನೊಂದು ಪೂರಾ ಬಿಳಿ.

ನಾನು ಚಿತ್ರವನ್ನು ಇಳಿಸುತ್ತ ಹೋದೆ. ಬಾಲ ಹೋಯಿತು. ಕಾಲು ಹೋಯಿತು. ಕೊಂಬು, ಹಣೆ, ನೊಗ ಉಳಿದವು. ಪರದೆಯ ಮೇಲೆ ಕೂಡಿಸಿ, ಅಣ್ಣನಿಗೆ ತೋರಿಸಿದೆ. ಕೋಗಳಿ ಕಡೆಯ ರೈತರೊಬ್ಬರು ಮೆಕ್ಕೆಜೋಳದ ಬೀಜಕ್ಕೆ ಬಂದವರು ಅಲ್ಲೇ ನಿಂತಿದ್ದರು. ಅವರೂ ಬಗ್ಗಿ ನೋಡಿದರು.

"ಇವು ಹೊರಗಿನ ಬೋರ್ಡಿನ ಎತ್ತಲ್ಲೇನ್ರಿ?"

"ಹೌದು, ಅವೇ," ಎಂದ ಅಣ್ಣ ಹೆಮ್ಮೆಯಿಂದ.

ರೈತರು ಹೊರಗೆ ಹೋಗಿ ಬೋರ್ಡು ನೋಡಿ ಬಂದರು. ಮತ್ತೆ ಪರದೆ ನೋಡಿದರು.

"ಹೊರಗಿದ್ದಾಗ ಚಲೋ ಇದ್ವು. ಒಳಗ ತಂದು ಕಟ್ಟಿದ ಮ್ಯಾಲೆ ಸೊರಗ್ಯಾವು. ಮೇವು ಯಾರು ಹಾಕ್ತೀರಿ?"

ಅಣ್ಣ ತಮ್ಮನ ಕಡೆ ನೋಡಿದ. ತಮ್ಮ ಅಣ್ಣನ ಕಡೆ ನೋಡಿದ. ಆ ನೋಟ ನನಗೆ ಆಗಲೇ ಅರ್ಥವಾಗಬೇಕಿತ್ತು.

ಪಾಲು

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಬೇರೆಯಾದರು. ಜಗಳ ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಹೇಳಿದರು, ಕೇಳಿಸಿಕೊಂಡೆ, ಮರೆತೆ.

ಬೀಜದ ವ್ಯಾಪಾರ ಅಣ್ಣನಿಗೆ, ಗೊಬ್ಬರದ್ದು ತಮ್ಮನಿಗೆ ಎಂದು ಪಂಚಾಯ್ತಿಗೆ ಕೂತ ಮೂವರು ಹಿರಿಯರು ತೀರ್ಮಾನಿಸಿದರು. ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎದ್ದಿತು. ಗೋಡೆ ಬಾಗಿಲಿನಿಂದ ಬಂದು ತಾಯಿಯ ಕುರ್ಚಿಯ ಹತ್ತಿರ ನಿಂತಿತು, ಯಾಕೆಂದರೆ ಆಕೆ ಕುರ್ಚಿ ಬಿಟ್ಟು ಏಳಲಿಲ್ಲ. "ಕಂಪ್ಯೂಟರ್ ಒಂದೇ ಇರ್ಲಿ, ಗುಮಾಸ್ತನೂ ಒಬ್ಬನೇ ಇರ್ಲಿ, ಇಬ್ಬರದೂ ಇಲ್ಲೇ ನನ್ನ ಮುಂದ ಆಗ್ಲಿ" ಎಂದರು. ಅದಕ್ಕೆ ಯಾರೂ ಎದುರಾಡಲಿಲ್ಲ.

ಉಳಿದದ್ದು ಎತ್ತು.

"ಗಿರಾಕಿ ಬೋರ್ಡ್ ಓದೂದಿಲ್ಲ. ಎತ್ತು ಯಾರ ಕಡಿ ಇರ್ತಾವೋ ಗಿರಾಕಿ ಅವರ ಕಡಿ," ಎಂದ ಅಣ್ಣ.

"ಅದಕ್ಕ ಹೇಳಿದ್ದು, ನನ್ನ ಕಡಿ ಇರ್ಲಿ ಅಂತ," ಎಂದ ತಮ್ಮ.

ಇಬ್ಬರ ಅನ್ನವೂ ಆ ಚಿತ್ರದ ಮೇಲಿತ್ತು. ಹೀಗಾಗಿ ಯಾರೂ ನಗಲಿಲ್ಲ. ಪಂಚರು ರಸ್ತೆಗೆ ಬಂದು, ಬೋರ್ಡಿನ ಎದುರು ನಿಂತು, ತಲೆ ಎತ್ತಿ ಯೋಚಿಸಿದರು. ಮೂವರೂ ಬಟ್ಟೆ, ಕಿರಾಣಿ ವ್ಯಾಪಾರದವರು. ಕೊನೆಗೆ ಅವರಲ್ಲಿ ಹಿರಿಯರು ಹೇಳಿದರು: "ಹಿರಿಮಗನಿಗೆ ಬಲದೆತ್ತು, ಕಿರಿಮಗನಿಗೆ ಎಡದೆತ್ತು. ಇದು ಹಿಂದಿನಿಂದ ನಡೆದು ಬಂದದ್ದು." ಬಲಗೈ ಚಾಚಿ ಮಚ್ಚೆಯ ಎತ್ತು ಅಣ್ಣನಿಗೆಂದು ತೋರಿಸಿದರು. ಎಡಗೈ ಚಾಚಿ ಬಿಳಿಯ ಎತ್ತು ತಮ್ಮನಿಗೆಂದು ತೋರಿಸಿದರು.

ಒಳಗೆ ಕುರ್ಚಿಯಲ್ಲಿದ್ದ ತಾಯಿ ಏನೋ ಹೇಳಲು ಬಾಯಿ ತೆರೆದರು. ಏನನ್ನಿಸಿತೋ, ಎಲೆ ಅಡಿಕೆ ಹಾಕಿಕೊಂಡು ಮುಚ್ಚಿದರು.

ಕತ್ತರಿಸುವ ಕೆಲಸ ನನ್ನದು. ಎತ್ತುಗಳನ್ನು ಬೇರೆ ಮಾಡುವುದು ಸುಲಭವಾಯಿತು. ನೊಗ ಉಳಿಯಿತು.

"ನೊಗ ಯಾರಿಗ್ರಿ?" ಎಂದು ಕೇಳಿದೆ.

"ನೊಗ ಕಿರಿಯರು ಹೊರಬೇಕು," ಎಂದ ಅಣ್ಣ.

"ಹಿರಿಯರು ಇರಬೇಕಾದ್ರ ನಾನ್ಯಾಕ ಹೊರ್ಲಿ?" ಎಂದ ತಮ್ಮ.

ಎತ್ತಿಗಾಗಿ ಅಷ್ಟು ಬಡಿದಾಡಿದವರು ನೊಗವನ್ನು ಒಬ್ಬರಿಗೊಬ್ಬರು ಧಾರಾಳವಾಗಿ ಬಿಟ್ಟುಕೊಡುತ್ತಿದ್ದರು. ತಾಯಿ ಸ್ವಲ್ಪ ಹೊತ್ತು ನೋಡಿದರು.

"ನನಗ ಕೊಡ್ರಪ್ಪ," ಎಂದರು. "ಇಷ್ಟು ದಿನ ಯಾರು ಹೊತ್ತಾರ ಅಂತ ಮಾಡೀರಿ?"

ಹೀಗೆ ಪರದೆಯ ಮೇಲೆ ಮೂರು ಐಕಾನ್ ಆದವು. ಈ ಕಡೆ ಒಂದು ಎತ್ತು, ಆ ಕಡೆ ಒಂದು ಎತ್ತು, ನಡುವೆ ಖಾಲಿ ನೊಗ. ಎತ್ತು ಒತ್ತಿದರೆ ಅವರವರ ಬಿಲ್ ತೆರೆಯುತ್ತಿತ್ತು. ನೊಗ ಒತ್ತಿದರೆ ಏನೂ ಆಗುತ್ತಿರಲಿಲ್ಲ.

ಸಮಪಾಲು

ಆಯುಧ ಪೂಜೆಯ ದಿನ ತಾಯಿ ಕಂಪ್ಯೂಟರಿಗೆ ಹೂವು ಏರಿಸಿ, ಹಸಿ ವಿಭೂತಿಯಲ್ಲಿ ಬೆರಳು ಅದ್ದಿ, ಗಾಜಿನ ಮೇಲೆ ಎರಡೂ ಎತ್ತುಗಳ ನೆತ್ತಿಗೆ ಸರಿಯಾಗಿ ಹಚ್ಚಿದರು. ಕೈ ಧಾರಾಳ. ಒಣಗಿದ ಮೇಲೆ ಎತ್ತುಗಳು ಪೂರಾ ಮುಚ್ಚಿಹೋಗಿದ್ದವು. ಒರೆಸುವ ಪ್ರಶ್ನೆಯೇ ಇರಲಿಲ್ಲ. ಗುಮಾಸ್ತ ಮೌಸಿನ ಬಾಣದ ಗುರುತನ್ನು ವಿಭೂತಿಯ ಕೆಳಗೆ ತೂರಿಸಿ ಒತ್ತುವುದನ್ನು ರೂಢಿ ಮಾಡಿಕೊಂಡ.

ಕೆಲವು ದಿನ ಕಳೆದು, ಕಣ್ಣು ಮಂಜೆಂದು ಅವನು ಪರದೆಯ ಅಕ್ಷರ ದೊಡ್ಡದು ಮಾಡಿಕೊಂಡ. ಅಕ್ಷರ ದೊಡ್ಡದಾದರೆ ಐಕಾನುಗಳು ಜಾಗ ಬದಲಿಸುತ್ತವೆ. ಎತ್ತುಗಳು ಕೆಳಗೆ ಸರಿದವು. ಅಣ್ಣನ ವಿಭೂತಿಯ ಕೆಳಗೆ, ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿಯ ಐಕಾನ್ ಬಂತು. ತಮ್ಮನ ವಿಭೂತಿಯ ಕೆಳಗೆ ಕ್ಯಾಲ್ಕುಲೇಟರಿನದು ಬಂತು.

ನನಗೆ ಗುಮಾಸ್ತನ ಫೋನ್ ಬಂತು.

"ಸರ, ದೊಡ್ಡ ಸಾವ್ಕಾರ್ರ ಅಂಗಡಿ ತೆಗದ್ರ ಒಳಗ ಏನೂ ಇಲ್ರಿ. ಪೂರಾ ಖಾಲಿ ಐತಿ."

"ತಮ್ಮಂದು?"

"ಸಣ್ಣ ಸಾವ್ಕಾರ್ರದು ತೆಗದ್ರ ಒಂದು ಸೊನ್ನಿ ಐತ್ರಿ. ಅಷ್ಟ."

ನಾನು ಬಸ್ ಹತ್ತಿ ಹೋಗುವಷ್ಟರಲ್ಲಿ ಪ್ಲೈವುಡ್ಡಿನ ಎರಡೂ ಬದಿ ಮಾತು ಬೆಳೆದಿತ್ತು. ನನ್ನ ಮಾಲನ್ನು ತಮ್ಮ ತನ್ನ ಲೆಕ್ಕಕ್ಕೆ ಎಳೆದುಕೊಂಡಿದ್ದಾನೆ ಎಂದು ಅಣ್ಣ. ಎಳೆದುಕೊಂಡಿದ್ದರೆ ನನ್ನದು ಸೊನ್ನೆ ಯಾಕಿರುತ್ತಿತ್ತು ಎಂದು ತಮ್ಮ. ತಾಯಿ ಮಾತ್ರ ಕುರ್ಚಿಯಲ್ಲಿ ನೆಮ್ಮದಿಯಾಗಿದ್ದರು.

"ಏನವ್ವಾರ, ಗಾಬರಿ ಆಗಲಿಲ್ಲೇನು?" ಎಂದೆ, ಎತ್ತುಗಳನ್ನು ಮತ್ತೆ ವಿಭೂತಿಯ ಕೆಳಗೆ ಎಳೆದು ಕೂಡಿಸುತ್ತ.

"ಯಾಕಪ್ಪ? ಅವಂದೂ ಏನಿಲ್ಲ, ಇವಂದೂ ಏನಿಲ್ಲ. ಪಾಲು ಈಗ ಸರಿಯಾತು ನೋಡು."

ಒಂಟಿ ಎತ್ತು

ಮುಂಗಾರು ಬಂತು. ಎರಡು ಅಂಗಡಿಗೂ ಹೊಸ ಬೋರ್ಡು ಬಂದಿದ್ದವು. ಎರಡರ ಮೇಲೂ ಒಂದೊಂದೇ ಎತ್ತು. ಜನ ಬರುತ್ತಿದ್ದರು, ಬೋರ್ಡು ನೋಡುತ್ತಿದ್ದರು, ಮುಂದಿನ ಬೇರೆಯವರ ಅಂಗಡಿಗೆ ಹೋಗುತ್ತಿದ್ದರು. ಬಿತ್ತನೆಯ ಕಾಲದಲ್ಲಿ ಬೀಜದ ಅಂಗಡಿಯ ಮುಂದೆ ನೆರಳು ಮಾತ್ರ ನಿಂತರೆ ಅದು ಆ ವರ್ಷದ ಲೆಕ್ಕ ಮುಗಿದಂತೆ. ಅಣ್ಣ ನನ್ನನ್ನು ಕರೆಸಿದ, ಐಕಾನಿನಲ್ಲಿ ಎತ್ತನ್ನು ಸ್ವಲ್ಪ ದಪ್ಪ ಮಾಡಲು ಆಗುತ್ತದೆಯೇ ಎಂದು ಕೇಳಲು. ಏನಾದರೂ ಮಾಡಬೇಕು ಎನ್ನುವ ಸ್ಥಿತಿಯಲ್ಲಿ ಮನುಷ್ಯ ಇಂಥದ್ದೂ ಕೇಳುತ್ತಾನೆ.

ನಾನು ಇದ್ದಾಗಲೇ ಕೋಗಳಿ ಕಡೆಯ ಆ ಹಳೆಯ ಗಿರಾಕಿ ಬಂದರು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತರು.

"ಏನ್ ಸಾವ್ಕಾರ್ರ, ಒಂದೇ ಎತ್ತು ಇಟ್ಕಂಡೀರಿ?"

"ಬೀಜ ಅದ ಐತ್ರಿ. ಮೊದಲಿನ ಕಂಪನೀದು. ಬರ್ರಿ ಒಳಗ."

"ಬೀಜ ಇರ್ತೈತಿ. ಒಂದು ಎತ್ತಿನ್ಯಾಗ ಬಿತ್ತೂದು ಹೆಂಗಂತ." ಅವರು ಕಂಬಕ್ಕೆ ಒರಗಿದರು. "ನಮ್ಮೂರಾಗ ಒಂದೇ ಎತ್ತು ಇದ್ದೋರು ಏನು ಮಾಡ್ತಾರ ಅಂದ್ರ, ಇನ್ನೊಬ್ಬ ಒಂದೆತ್ತಿನೋನ್ನ ಹುಡುಕ್ತಾರ. ಎರಡೂ ಕೂಡಿಸಿ ಹೂಡ್ತಾರ. ಇವತ್ತು ಇವನ ಹೊಲ, ನಾಳಿ ಅವನ ಹೊಲ. ನೀವು ಯಾರನ್ನೂ ನೋಡಿಲ್ಲೇನು?"

ಅಣ್ಣ ಪ್ಲೈವುಡ್ಡಿನ ಕಡೆ ನೋಡಿದ. ಆಚೆ ಚೀಲ ಎಳೆಯುತ್ತಿದ್ದ ಸದ್ದು ನಿಂತಿತು.

"ಬಾಜೂಕ ಒಂದು ಒಂಟಿ ಎತ್ತು ಐತಲ್ರಿ," ಎಂದರು ರೈತರು ದನಿ ತಗ್ಗಿಸಿ. "ಕೇಳಿ ನೋಡ್ರಿ. ಮನಿತನ ಚಲೋ ಐತಂತ."

ನೊಗದ ಬಿಲ್

ಆ ವಾರವೇ ತಾಯಿ ಗುಮಾಸ್ತನ ಫೋನಿನಿಂದ ಮಾತಾಡಿದರು.

"ಯಪ್ಪಾ, ಆ ನೊಗ ಸುಮ್ನ ಕುಂತೈತಿ. ಅದಕ್ಕೇನರ ಕೆಲಸ ಹಚ್ಚು."

"ಏನು ಕೆಲಸ ಹಚ್ಚೂದ್ರಿ ಅವ್ವಾರ?"

"ನೊಗದ ಕೆಲಸ ಏನಂತ ನಿನಗ ನಾ ಹೇಳ್ಬೇಕೇನು?"

ಹೋಗಿ ಮಾಡಿಕೊಟ್ಟೆ. ನೊಗ ಒತ್ತಿದರೆ ಎರಡೂ ಅಂಗಡಿಯ ಲೆಕ್ಕ ಒಟ್ಟಿಗೆ ತೆರೆಯುವಂತೆ. ಬೀಜ ಮೇಲೆ, ಗೊಬ್ಬರ ಕೆಳಗೆ, ಎರಡೂ ಬಿಲ್ ಒಂದೇ ಕಾಗದದಲ್ಲಿ. ಹಣ ಅವರವರ ಹೆಸರಿಗೇ ಹೋಗುತ್ತಿತ್ತು. ಮಕ್ಕಳಿಗೆ ಹೇಳಬೇಕೇ ಎಂದು ಕೇಳಿದೆ. "ಅವ್ರೇನು ಕೇಳ್ಯಾರೇನು?" ಎಂದರು.

ರೈತರಿಗೆ ಬೇಕಾದದ್ದೂ ಅದೇ. ಬಾಡಿಗೆ ಗಾಡಿ ತಂದವರಿಗೆ ಬೀಜ, ಗೊಬ್ಬರ ಒಂದೇ ಸಲ ಹೇರುವುದು ಅನುಕೂಲ. ತಾಯಿ ಕುರ್ಚಿಯಿಂದಲೇ ಕರೆಯುತ್ತಿದ್ದರು, ರೈತರು ಎರಡು ಅಂಗಡಿಯನ್ನೂ ಬಿಟ್ಟು ನೇರ ಆಕೆಯ ಮುಂದೆ ಬಂದು ನಿಲ್ಲುತ್ತಿದ್ದರು, ಮಾಲನ್ನು ಗುಮಾಸ್ತ ಹಿಂದಿನ ಗೋದಾಮಿನಿಂದ ಹೇರಿಸುತ್ತಿದ್ದ. ಮಾತು ಹಬ್ಬಿತು. ಹೊಸಹಳ್ಳಿಯಿಂದಲೂ ಜನ ಬಂದರು.

ಒಂದು ದಿನ ಒಬ್ಬ ಗಿರಾಕಿ ತಪ್ಪಿ ಅಣ್ಣನ ಗಲ್ಲಾಕ್ಕೇ ಬಂದು, "ನೊಗದ ಬಿಲ್ ಕೊಡ್ರಿ" ಎಂದ.

"ನಮ್ಮಲ್ಲಿ ನೊಗ ಮಾರೂದಿಲ್ಲ," ಎಂದ ಅಣ್ಣ.

ಆಚೆಯಿಂದ ತಮ್ಮನ ದನಿ ಬಂತು: "ಇಲ್ಲೂ ಈಗ ಒಬ್ಬ ಅದನ್ನ ಕೇಳಿದ. ನಾನೂ ಇಲ್ಲ ಅಂದೆ."

ಬೇರೆಯಾದ ಮೇಲೆ ಇಬ್ಬರೂ ನೇರವಾಗಿ ಆಡಿದ ಮೊದಲ ಮಾತು ಅದು ಎಂದು ಗುಮಾಸ್ತ ಆಮೇಲೆ ನನಗೆ ಹೇಳಿದ. ಎರಡನೆಯ ಮಾತು, "ಅವ್ವಾ" ಎಂದು. ಅದನ್ನು ಇಬ್ಬರೂ ಒಟ್ಟಿಗೆ ಆಡಿದರಂತೆ.

ಹಿಂದೆ ನಿಂತವರು

ಬಿತ್ತನೆ ಮುಗಿದ ಮೇಲೆ ಅಣ್ಣ ತಮ್ಮ ಒಂದೇ ಮೋಟರ್ ಸೈಕಲ್ಲಿನಲ್ಲಿ ಕೊಟ್ಟೂರಿಗೆ ಬಂದರು. ಕೋಣೆಯಲ್ಲಿ ಇದ್ದದ್ದು ಒಂದು ಕುರ್ಚಿ, ಒಂದು ಬೆಂಚು. ಇಬ್ಬರೂ ಬೆಂಚಿನ ಮೇಲೆ ಕೂತರು.

"ಎತ್ತು ಕೂಡಿಸ್ರಿ," ಎಂದ ಅಣ್ಣ.

"ಹಳೇದು ಹಂಗ ಐತಿ. ಈಗ ಹಾಕಿ ಕೊಡ್ತೀನಿ," ಎಂದೆ.

"ಅಣ್ಣಂದು ಬಲಕ್ಕ ಇರ್ಲಿ," ಎಂದ ತಮ್ಮ. ಬಹಳ ದೊಡ್ಡ ಮನಸ್ಸಿನಿಂದ ಹೇಳಿದ.

"ಇರ್ಲಿ. ಮತ್ತ ಅವ್ವನ್ನ ಸೇರಿಸ್ಬೇಕು," ಎಂದ ಅಣ್ಣ. "ಎತ್ತಿನ ಹಿಂದ. ಬಾರಕೋಲು ಹಿಡಕೊಂಡು."

ಆ ಅಳತೆಯಲ್ಲಿ ಎತ್ತಿನ ಕಾಲೇ ಉಳಿದಿಲ್ಲ, ಹಿಂದೆ ನಿಂತವರು ಕಾಣುವುದಿಲ್ಲ ಎಂದು ತಿಳಿಸಿ ಹೇಳಿದೆ. ಇಬ್ಬರೂ ಗಮನವಿಟ್ಟು ಕೇಳಿದರು.

"ಕಾಣ್ಲಿಲ್ಲಂದ್ರೂ ನಡೀತೈತ್ರಿ," ಎಂದ ತಮ್ಮ. "ಅದಾಳ ಅಂತ ಎತ್ತಿಗೆ ಗೊತ್ತಿದ್ರ ಸಾಕು."

ಬರೆದೆ. ಎರಡೂ ಎತ್ತುಗಳ ನಡುವೆ, ನೊಗದ ಮೇಲೆ, ಒಂದು ಚುಕ್ಕೆಯಷ್ಟು ತಾಯಿ ಉಳಿದರು. ಬಾರಕೋಲು ಉಳಿಯಲಿಲ್ಲ. ಹಗರಿಬೊಮ್ಮನಹಳ್ಳಿಗೆ ಹೋಗಿ ಹಳೆಯ ಐಕಾನುಗಳನ್ನು ತೆಗೆದು ಹೊಸದನ್ನು ಕೂಡಿಸಿದೆ. ವಿಭೂತಿಯ ಗಾಜನ್ನು ತಾಯಿಯೇ ಒದ್ದೆ ಬಟ್ಟೆಯಿಂದ ಒರೆಸಿಕೊಟ್ಟರು. ಅವರಿಗೆ ಆ ಹಕ್ಕಿತ್ತು. ಆಮೇಲೆ ಮುಖ ಹತ್ತಿರ ತಂದು ನೋಡಿದರು.

"ನಾನೆಲ್ಲಿ?"

"ನಡುವ ಅದೀರ್ರಿ."

"ನಡುವ ಧೂಳು ಕುಂತೈತಿ." ಸೆರಗಿನಿಂದ ಒರೆಸಿದರು. ಎಂಜಲು ಹಚ್ಚಿ ಒರೆಸಿದರು. "ಹೋಗವಲ್ದು."

"ಅದು ಹೋಗೂದಿಲ್ರಿ ಅವ್ವಾರ," ಎಂದೆ. "ಅದು ನೀವು."

ಮಕ್ಕಳಿಬ್ಬರೂ ಹೌದೆಂದು ತಲೆಯಾಡಿಸಿದರು.

ತಾಯಿ ಮತ್ತೆ ನೋಡಿದರು. ಈ ಸಲ ಮುಖದಲ್ಲಿ ಸಮಾಧಾನವಿತ್ತು. "ಎತ್ತಿನ ಹಿಂದ ನಿಂತೀನಿ. ಸರಿ ಐತಿ. ಹೊಡಿಯೋರು ನಿಲ್ಲೂದು ಅಲ್ಲೇ." ಮಕ್ಕಳ ಕಡೆ ತಿರುಗಿ ಕೇಳಿದರು: "ಹಂಗಾದ್ರ ನಾ ನಿಂತ ಕಡಿಂದ ಹೇಳ್ರಿ. ನನ್ನ ಬಲಕ್ಕ ಯಾವ ಎತ್ತು ಐತಿ?"

ಅಣ್ಣ ಬಲಗೈ ಎತ್ತಿದ. ಇಳಿಸಿದ. ಪರದೆಗೆ ಬೆನ್ನು ತಿರುಗಿಸಿ ನಿಂತು, ಕತ್ತು ಹೊರಳಿಸಿ ನೋಡಿದ. ತಮ್ಮನೂ ಹಾಗೇ ನಿಂತ. ಬಲಕ್ಕೆ ಇದ್ದದ್ದು ಬಿಳಿಯ ಎತ್ತು.

"ಅಂದ್ರ ಬಲದೆತ್ತು ಇವನ ಕಡಿ ಇತ್ತೇನು?" ಎಂದ ಅಣ್ಣ.

"ಬಿಳೇದು ಬಲದೆತ್ತು, ಮಚ್ಚಿದು ಎಡದೆತ್ತು. ನಿಮ್ಮಪ್ಪ ಹೂಡ್ತಿದ್ದದ್ದು ಹಂಗ. ಪಂಚರು ರಸ್ತಾದಾಗ ನಿಂತು ಮಾರಿ ನೋಡಿ ಪಾಲು ಮಾಡಿದ್ರು. ಎತ್ತಿನ ಎಡಬಲ ಹಿಂದ ನಿಂತು ನೋಡ್ಬೇಕು."

"ಗೊತ್ತಿದ್ದೂ ಯಾಕ ಹೇಳ್ಲಿಲ್ಲಬೇ ಅವ್ವಾ?"

"ಇಷ್ಟು ದಿನ ನೀ ತಮ್ಮನ ಎತ್ತು ಕಾದಿ, ಅವ ನಿನ್ನ ಎತ್ತು ಕಾದ. ಹೇಳಿದ್ರ ಇಬ್ಬರೂ ಕಾಯ್ತಿದ್ರೇನ್ರಲೇ?"

ತಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಸರ, ಹಂಗಾರ ಎರಡೂ ಅದಲು ಬದಲು ಮಾಡಿ ಕೊಡ್ತೀರೇನು? ಅಣ್ಣಗ ಬಲದ್ದು ಹೋಗ್ಲಿ."

"ಬ್ಯಾಡ, ಮಚ್ಚಿದು ನನಗ ರೂಢಿ ಆಗೇತಿ," ಎಂದ ಅಣ್ಣ.

"ನಿನಗ ಬಲದ್ದು ಬರಬೇಕು."

"ಬ್ಯಾಡಂದೆ."

ಮತ್ತೆ ಶುರುವಾಗುವಂತಿತ್ತು. ನಾನು ಮೌಸಿಗೆ ಕೈ ಹಾಕಿದೆ. ಅಷ್ಟರಲ್ಲಿ ತಾಯಿ ಬಟ್ಟಲಿನ ಹಸಿ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಐಕಾನಿನ ಮೇಲೆ ಗಾಜಿಗೆ ಅಡ್ಡವಾಗಿ ಎಳೆದುಬಿಟ್ಟಿದ್ದರು.

"ಇನ್ನ ಯಾರೂ ಮುಟ್ಟಬ್ಯಾಡ್ರಿ," ಎಂದರು.

ಈಗ ಅಲ್ಲಿ ಬಲದೆತ್ತೂ ಕಾಣುವುದಿಲ್ಲ, ಎಡದೆತ್ತೂ ಕಾಣುವುದಿಲ್ಲ, ಅವ್ವನೂ ಕಾಣುವುದಿಲ್ಲ. ನನ್ನ ಕೆಲಸವಂತೂ ಮೊದಲೇ ಕಾಣುತ್ತಿರಲಿಲ್ಲ. ವಿಭೂತಿ ಒತ್ತಿದರೆ ಬಿಲ್ ಬರುತ್ತದೆ.